ಸಿ.ಡಿ.ಯೊಳಗಿನ ಪೇಶೆಂಟು

ಇಪ್ಪತ್ತೆರಡು ವರ್ಷ ನರ್ಸಿಂಗ್ ಕಲಿಸಿ ಸಾಕಾಗಿ ಹೋಗಿತ್ತು. ಇನ್ನು ಹೊಸ ಫಜೀತಿ ಯಾವುದೂ ಬರಲಾರದು ಎಂದುಕೊಂಡರೆ, ಕಲಬುರ್ಗಿಯ ಜೇವರ್ಗಿ ಕಾಲೋನಿಯ ನಮ್ಮ ನರ್ಸಿಂಗ್ ಶಾಲೆಗೆ ಕಂಪ್ಯೂಟರು ಬಂತು. ಅದರ ಸಿ.ಡಿ.ಯೊಳಗೆ ಎದೆನೋವಿನ ಪೇಶೆಂಟೊಬ್ಬ. ಹುಡುಗಿಯರು ಮೌಸ್ ಒತ್ತಿ ಆರೈಕೆ ಮಾಡಬೇಕು, ತಡವಾದರೆ ಸಾಯುತ್ತಾನೆ. ನಮ್ಮಲ್ಲಿ ಅವನು ದಿನಾ ಸತ್ತ.

೧

ಮೊದಲು ಕುಳಿತವಳು ಕಮಲಾಪುರದ ಹುಡುಗಿ. ಮೌಸ್ ಮುಟ್ಟದೆ ಪರದೆಯ ಮೂಲೆಮೂಲೆ ಹುಡುಕಿದಳು.

"ಯಾಕವ್ವಾ, ಆಕ್ಸಿಜನ್ ಕೊಡು."

"ಇವ್ರ ಮನಿಯವ್ರು ಎಲ್ಲಿ ಅದಾರ್ರೀ ಮೇಡಂ?"

"ಯಾರೂ ಇಲ್ಲ."

"ಮತ್ತ ಕಾಗದಕ್ಕ ಸಹಿ ಯಾರು ಮಾಡ್ತಾರ್ರೀ?"

ಮನೆಯವರ ಸಹಿ ಇಲ್ಲದೆ ಯಾರನ್ನೂ ಮುಟ್ಟಬೇಡಿ ಎಂದು ಕಲಿಸಿದವಳು ನಾನೇ. ನಾನೇ ಸಹಿ ಮಾಡೋಣವೆಂದು ಪೆನ್ನು ಹುಡುಕುವಷ್ಟರಲ್ಲಿ ಪೇಶೆಂಟು ಹೋಗಿಬಿಟ್ಟ.

೨

ಪ್ರಿನ್ಸಿಪಾಲರು ಸಿಟ್ಟಾದರು. "ವಾರದಾಗ ನಲವತ್ತು ಸರ್ತಿ ಕೊಂದೀರಿ. ಏನು ಕಲಸ್ತೀರಿ ನೀವು?"

ತೋರಿಸಿಯೇ ಬಿಡೋಣ ಎಂದು ಹುಡುಗಿಯರ ಮುಂದೆ ನಾನೇ ಕುಳಿತೆ. ಸಾವಿರಾರು ಜನರ ನಾಡಿ ಹಿಡಿದ ಕೈಗೆ ಮೌಸ್ ಬಗ್ಗಲಿಲ್ಲ. ಬಾಣದ ಗುರುತು ಪರದೆ ತುಂಬಾ ಓಡಾಡಿತು. ಎರಡೇ ನಿಮಿಷಕ್ಕೆ ಪೇಶೆಂಟು ಸತ್ತ. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಕಮಲಾಪುರದವಳು ಎದ್ದು ಮೆಲ್ಲಗೆ ಬಾಗಿಲು ಮುಚ್ಚಿ ಬಂದಳು.

"ನಾವು ಯಾರ ಮುಂದೂ ಹೇಳಂಗಿಲ್ರೀ ಮೇಡಂ."

೩

ಪರೀಕ್ಷೆಯೂ ಅದೇ ಪೇಶೆಂಟಿನ ಮೇಲೆ ಬಂತು. ಹಿಂದಿನ ವರ್ಷ ಕಮಲಾಪುರದವಳು ಫೇಲಾಗಿದ್ದಳು; ಈ ಸಲವೂ ಹಾಗಾದರೆ ಅಪ್ಪ ಓದು ಬಿಡಿಸುವವನಿದ್ದ. ಅವಳಿಗಿಂತ ನನಗೇ ಹೆಚ್ಚು ಭಯ. ಪರೀಕ್ಷಕರು ಬೇರೆ ಊರಿನ ಹಿರಿಯ ಡಾಕ್ಟರು. "ಪೇಶೆಂಟ್ ಸತ್ತರ ಫೇಲ್" ಎಂದು ಮೊದಲೇ ಹೇಳಿದರು.

ಆಕ್ಸಿಜನ್ ಕೊಟ್ಟಳು, ಮಾತ್ರೆ ಕೊಟ್ಟಳು. ನಾಡಿ ಇಳಿಯುತ್ತಲೇ ಹೋಯಿತು. ಕೊನೆಗೆ ಮೌಸ್ ಬಿಟ್ಟು, ಒಂದು ಹಾಳೆಯಲ್ಲಿ ಏನೋ ಬರೆದು ಪರೀಕ್ಷಕರ ಮುಂದಿಟ್ಟಳು.

"ಏನವ್ವಾ ಇದು?"

"ದೊಡ್ಡ ದವಾಖಾನಿಗೆ ಚೀಟಿ ರೀ. ಕಮಲಾಪುರದಾಗ ಸೀರಿಯಸ್ ಆದ್ರ ಕಲಬುರ್ಗಿಗೆ ಕಳಸ್ತಾರ್ರೀ."

"ಇದೇ ಕಲಬುರ್ಗಿ ಅಲ್ಲೇನು?"

"ಅದಕ್ಕೇ ಸೋಲಾಪುರಕ್ಕ ಬರದೀನ್ರೀ."

ಅಷ್ಟರಲ್ಲಿ ಕರೆಂಟ್ ಹೋಯಿತು. ಪೇಶೆಂಟು ಸತ್ತನೋ ಬದುಕಿದನೋ ಯಾರಿಗೂ ತಿಳಿಯದು. ಪರೀಕ್ಷಕರು ಪೆನ್ನು ಹಿಡಿದು ಒಂದು ತಾಸು ಕಾದರು. ಕರೆಂಟ್ ಬರಲಿಲ್ಲ.

"ನಾ ಈಗ ಏನಂತ ಬರೀಲಿ? ಎಲ್ಲಿ ಅದಾನ ನಿನ್ನ ಪೇಶೆಂಟ್?"

ಅವಳು ಗೋಡೆಯ ಗಡಿಯಾರ ನೋಡಿ ಸೋಲಾಪುರದ ದಾರಿ ಲೆಕ್ಕ ಹಾಕಿದಳು.

"ಆಳಂದ ದಾಟ್ಯಾನ್ರೀ ಸರ್. ನಾಡಿ ಛಲೋ ಅದ್ರೀ."

ಪರೀಕ್ಷಕರು ಅವಳನ್ನೊಮ್ಮೆ, ನನ್ನನ್ನೊಮ್ಮೆ ನೋಡಿ ಅಂಕಪಟ್ಟಿ ಎಳೆದುಕೊಂಡರು.

"ಸೋಲಾಪುರದಿಂದ ಸುದ್ದಿ ಬರೂತನಕ ನೀ ಪಾಸ್, ತಂಗಿ."