ಪುನರ್ಪುಳಿ ಬಣ್ಣದ ಉಗುರು

ನಾಚಿಕೆ ಯಾರಿಗೆ ಎಲ್ಲಿ ಕೂತಿರುತ್ತದೆಂದು ಹೇಳುವುದು ಕಷ್ಟ. ಕೆಲವರಿಗೆ ಹೊಟ್ಟೆಯಲ್ಲಿ, ಕೆಲವರಿಗೆ ಬೋಳಾಗುತ್ತಿರುವ ನೆತ್ತಿಯಲ್ಲಿ. ನನಗೆ ಮಾತ್ರ ಹತ್ತು ಉಗುರುಗಳಲ್ಲಿ. ಮದುವೆಯಾಗಿ ಊರು ಬಿಟ್ಟು ಪರರಾಜ್ಯದ ನೆರೂಳಿಗೆ ಬಂದಂದಿನಿಂದ ಮೀನಿಗೆ ಅರಿಶಿನ ಸವರಿದ ಉಗುರುಗಳವು. ಯಾವ ಸೋಪಿಗೂ ಬಗ್ಗುವುದಿಲ್ಲ. ಒಮ್ಮೆ ಆಫೀಸಿನ ಪಾರ್ಟಿಯಲ್ಲಿ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ನನ್ನ ಕೈ ನೋಡಿ, "ಆಂಟಿ, ವಾಷ್‌ಬೇಸಿನ್ ಉಧರ್ ಹೈ" ಎಂದು ಪ್ರೀತಿಯಿಂದ ದಾರಿ ತೋರಿಸಿದಳು. ನಾನಿನ್ನೂ ತಟ್ಟೆಯನ್ನೇ ಮುಟ್ಟಿರಲಿಲ್ಲ! ಅಂದಿನಿಂದ ಯಾವ ಫೋಟೋದಲ್ಲೂ ನನಗೆ ಕೈಗಳಿಲ್ಲ. ಸೆರಗಿನೊಳಗೋ ಬ್ಯಾಗಿನ ಹಿಂದೋ ಇರುತ್ತವೆ.

ಈ ವರ್ಷ ಹಾಗೆ ತಪ್ಪಿಸಿಕೊಳ್ಳುವಂತಿರಲಿಲ್ಲ. ಮಹಾಪೆಯ ನಮ್ಮ ಕಂಪನಿಯ ಅಡ್ಮಿನ್ ವಿಭಾಗದಲ್ಲಿ ನನಗೆ ಇಪ್ಪತ್ತು ವರ್ಷ ತುಂಬಿತೆಂದು ಕ್ರಿಸ್‌ಮಸ್ ಪಾರ್ಟಿಯಲ್ಲಿ ವೇದಿಕೆಗೆ ಕರೆದು ಉಡುಗೊರೆ ಕೊಡುತ್ತಾರಂತೆ, ಫೋಟೋ ತೆಗೆಯುತ್ತಾರಂತೆ. ಉಡುಗೊರೆಯನ್ನು ಸೆರಗಿನೊಳಗಿಂದ ತೆಗೆದುಕೊಳ್ಳಲಾದೀತೇ? ಒಂದೇ ಒಂದು ಫೋಟೋದಲ್ಲಾದರೂ ಕೈ ಚೆನ್ನಾಗಿ ಬರಲಿ ಎಂಬ ಆಸೆ ಹುಟ್ಟಿತು. ಆಫೀಸಿನಲ್ಲಿ ನನ್ನ ಹೆಬ್ಬೆರಳ ಉಗುರಿಗೆ ಬೇರೆಯದೇ ಮರ್ಯಾದೆ ಇದೆ ಅನ್ನಿ. ಪಾರ್ಸೆಲ್ ಬಂದರೆ ಯಾರೂ ಕತ್ತರಿ ಹುಡುಕುವುದಿಲ್ಲ, "ಶೆಟ್ಟಿ ಮೇಡಂ ಕಿಧರ್ ಹೈ?" ಎನ್ನುತ್ತಾರೆ. ಟೇಪಿನ ತುದಿಗೆ ಉಗುರು ಕೊಟ್ಟು ಎಳೆದೆನೆಂದರೆ ಎಂಥ ಡಬ್ಬವೂ ಬಾಯಿ ಬಿಡಲೇಬೇಕು. ಆದರೇನು, ಬಣ್ಣ ಹಳದಿಯೇ.

ಮಗಳು ಅನನ್ಯ ಮೊಬೈಲಿನಲ್ಲಿ ಮಾದರಿಗಳನ್ನು ತೋರಿಸಿದಳು. ಒಂದರಲ್ಲಿ ಉಗುರಿನ ಮೇಲೆ ಹಿಮ ಬೀಳುತ್ತಿತ್ತು. ಡಿಸೆಂಬರಿನಲ್ಲೂ ಫ್ಯಾನ್ ಹಾಕಿ ಮಲಗುವ ನಮಗೇಕೆ ಹಿಮ? ಚಿನ್ನದ ಮಿನುಗು ನೋಡಿದರೆ ಮದುವೆ ಮಂಟಪದ ಕಮಾನು ನೆನಪಾಯಿತು. ಕೊನೆಗೆ ತುದಿಯಷ್ಟೇ ಬಿಳಿ ಇರುವುದನ್ನು ತೋರಿಸಿ, "ಯೇ ಕ್ಲಾಸೀ ಹೈ, ಮಮ್ಮಿ" ಎಂದಳು. ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಅವಳ ಉತ್ತರ ಹಿಂದಿಯಲ್ಲಿ.

"ಮಾರಾಯ್ತಿ, ಕತ್ತರಿಸದೆ ಬಿಟ್ರೆ ಎಲ್ಲರ ಉಗುರಿನ ತುದಿಯೂ ಬಿಳಿಯೇ ಇರ್ತದೆ" ಎಂದೆ.

"ತೋ ಫಿರ್ ಪೀಲಾ ಹೀ ರಖೋ!" ಎಂದು ಹಳದಿಯನ್ನೇ ನನ್ನ ಪಾಲಿಗೆ ಬಿಟ್ಟು ಮೊಬೈಲ್ ಎತ್ತಿಕೊಂಡು ಹೋದಳು.

ಒಬ್ಬಳೇ ಕೋಪರಖೈರಣೆಯ ಪಾರ್ಲರಿಗೆ ಹೋದೆ. ಕೈ ಚಾಚಲು ಸಂಕೋಚವಾಗಿ "ಅಯ್ಯೋ ದೇವ್ರೇ" ಎಂದು ಗೊಣಗಿದ್ದೇ ತಡ, ಉಗುರು ಮಾಡುವ ಹುಡುಗಿ ತಲೆಯೆತ್ತಿದಳು. "ಕನ್ನಡದವ್ರೇನ್ರೀ ಅಕ್ಕಾರ? ನಾವು ಬಿಜಾಪುರದವ್ರು." ತಡೆಯಲಾಗದೆ ಅರಿಶಿನದ ಪುರಾಣವನ್ನೆಲ್ಲ ಅವಳ ಮುಂದೆ ಹೇಳಿಕೊಂಡೆ.

"ಅದಕ್ಕ ಯಾಕ್ ನಾಚ್ತೀರಿ? ನಮ್ಮವ್ವ ಬಿಲ್ಡಿಂಗ್ ಕೆಲಸಕ್ಕ ಹೋಗ್ತಾಳ್ರಿ. ಆಕಿ ಉಗುರಾಗ ಸಿಮಿಟ್ ಇರ್ತೈತಿ. ಹಬ್ಬಕ್ಕ ಆಕೀಗೂ ಬಣ್ಣ ಹಚ್ಚೇನಿ."

ಹತ್ತೂ ಬೆರಳನ್ನು ಅವಳ ಮುಂದೆ ಚಾಚಿದೆ. ನಿನ್ನ ಅವ್ವನಿಗೆ ಹಚ್ಚಿದ್ದನ್ನೇ ನನಗೂ ಹಚ್ಚು ಎಂದೆ. ನೋಡಿದರೆ ಅದು ನಮ್ಮೂರಿನ ಪುನರ್ಪುಳಿ ಶರಬತ್ತಿನ ಕೆಂಪು! "ಉದ್ದ ಉಗುರು ಅಂಟಸ್ಲೇನ್ರಿ?" ಎಂದಳು. ಅವಳ ಅವ್ವ ಅದನ್ನು ಬೇಡವೆಂದಿದ್ದಳಂತೆ. ನನಗೆ ಅಷ್ಟು ಬುದ್ಧಿ ಎಲ್ಲಿಂದ ಬರಬೇಕು? ಅಂಟಿಸು ಎಂದೆ.

ಪಾರ್ಟಿಯ ದಿನ ಸೇಫ್ಟಿ ಪಿನ್ ಹಿಡಿಯಲಾಗದೆ ಮಗಳೇ ಸೀರೆ ಉಡಿಸಬೇಕಾಯಿತು. ವೇದಿಕೆಯಲ್ಲಿ ಎರಡೂ ಕೈ ಚಾಚಿ ಉಡುಗೊರೆ ತೆಗೆದುಕೊಂಡೆ. ಫೋಟೋದವನು ಕ್ಯಾಮೆರಾ ಸರಿಮಾಡಿಕೊಳ್ಳುವಷ್ಟರಲ್ಲಿ ಸಾಹೇಬರು ಮೈಕಿನಲ್ಲಿ, ಇಪ್ಪತ್ತು ವರ್ಷ ನಮ್ಮ ಡಬ್ಬಗಳನ್ನೆಲ್ಲ ಬಿಚ್ಚಿಕೊಟ್ಟವರು ತಮ್ಮ ಉಡುಗೊರೆಯ ಡಬ್ಬವನ್ನೂ ಇಲ್ಲೇ ಬಿಚ್ಚಲಿ ಎಂದುಬಿಟ್ಟರು. ಎಲ್ಲರೂ ಚಪ್ಪಾಳೆ ಹೊಡೆದರು. ಟೇಪಿಗೆ ಹೆಬ್ಬೆರಳು ಕೊಟ್ಟೆ, ಜಾರಿತು. ಮತ್ತೆ ಕೊಟ್ಟೆ, ಮತ್ತೆ ಜಾರಿತು. "ಮೇಡಂ! ಮೇಡಂ!" ಎಂದು ಕೂಗು ಎದ್ದಿತು. ಇಪ್ಪತ್ತು ವರ್ಷದ ಮಾನ ಹೋಗುವ ಹೊತ್ತು. ಹಿಂದುಮುಂದು ನೋಡದೆ ಡಬ್ಬವನ್ನು ಬಾಯಿಗೆತ್ತಿ, ಟೇಪನ್ನು ಹಲ್ಲಿನಲ್ಲಿ ಕಚ್ಚಿ ಎಳೆದೆ. ಆಗಲೇ ಫ್ಲ್ಯಾಶ್ ಮಿನುಗಿತು.

ಆ ಫೋಟೋ ಈಗ ಆಫೀಸಿನ ನೋಟಿಸ್ ಬೋರ್ಡಿನಲ್ಲಿದೆ. ಕಣ್ಣು ಕಿರಿದಾಗಿವೆ, ಹಲ್ಲೆಲ್ಲ ಹೊರಗೆ ಬಂದಿವೆ. ಮಗಳು ನೋಡಿ, "ಮಮ್ಮಿ, ನೇಲ್ಸ್ ಮಸ್ತ್ ಆಯೇ ಹೈ" ಎಂದಳು. ನಿಜ, ಡಬ್ಬದ ಎರಡೂ ಬದಿಗೆ ಹತ್ತೂ ಎದ್ದು ಕಾಣುತ್ತಿವೆ. ಮುಂದಿನ ಪಾರ್ಟಿಯಲ್ಲಿ ಸೆರಗಿನೊಳಗೆ ಮುಚ್ಚಿಡಬೇಕಾದದ್ದು ಮುಖ ಒಂದೇ.