ಹಟ್ಟಿಗೆ ಹೋಗಬೇಕಾದ ಸಾಮಾನು

ಮುಂಬಯಿಯ ಹೋಟೆಲೊಂದರಲ್ಲಿ ಮೂವತ್ತೆರಡು ವರ್ಷ ಸ್ಟೋರ್ ನೋಡಿಕೊಂಡಿದ್ದ ಪ್ರೇಮಾನಂದರಿಗೆ ಶಂಕರನಾರಾಯಣದ ಸ್ವಂತ ಮನೆಯಲ್ಲಿ ಉಪ್ಪಿನ ಡಬ್ಬಿ ಎಲ್ಲಿದೆಯೆಂದು ಗೊತ್ತಿರಲಿಲ್ಲ. ಒಬ್ಬ ಉಗ್ರಾಣಾಧಿಪತಿಗೆ ಇದಕ್ಕಿಂತ ದೊಡ್ಡ ಅವಮಾನ ಇನ್ನೇನಿದೆ? ಅಲ್ಲಿ ಕರೆಂಟು ಹೋದಾಗಲೂ ಕೈಯಿಟ್ಟಲ್ಲಿ ಜೀರಿಗೆ ಚೀಲ ಸಿಗುತ್ತಿತ್ತು. ಇಲ್ಲಿ ಹಾಡುಹಗಲು ಸಕ್ಕರೆಯೆಂದು ತೆರೆದ ಡಬ್ಬಿಯಲ್ಲಿ ಸೂಜಿ, ದಾರ ಮತ್ತು ಮೂರು ಅಂಗಿ ಗುಂಡಿ ಸಿಕ್ಕಿದ್ದವು.

ಹೋಟೆಲು ಬಿಟ್ಟು ಬಂದು ಮೂರು ತಿಂಗಳಾಗಿತ್ತು. ಆದರೂ ದಾರಿಯಲ್ಲಿ ಸಿಕ್ಕವರೆಲ್ಲ, "ಹ್ವಾಯ್, ಏಗಳ್ ಬಂದದ್? ಏಗಳ್ ಹೋಪ್ದ್?" ಎಂದೇ ಕೇಳುತ್ತಿದ್ದರು. (ಯಾವಾಗ ಬಂದದ್ದು, ಯಾವಾಗ ಹೋಗುವುದು: ಬೊಂಬಾಯಿಯಿಂದ ಬಂದವನಿಗೆ ನಮ್ಮಲ್ಲಿ ಇವೆರಡೇ ಪ್ರಶ್ನೆ. ಊಟ ಆಯಿತೇ ಎಂಬುದು ಊರಲ್ಲೇ ಇರುವವರಿಗೆ.) ವರ್ಷಕ್ಕೆ ಹದಿನೈದು ದಿನ ಬಂದು ಹೋಗುತ್ತಿದ್ದ ಮನುಷ್ಯ ಇನ್ನು ಹೋಗುವುದೇ ಇಲ್ಲ ಎಂಬುದನ್ನು ಊರಿನವರಿರಲಿ, ಮನೆಯ ಬೆಕ್ಕು ಕೂಡ ನಂಬಿದಂತಿರಲಿಲ್ಲ. ಈ ಮನೆಯಲ್ಲಿ ತನ್ನ ಮಾತಿನಂತೆ ಒಂದೇ ಒಂದು ಕೆಲಸ ನಡೆದುಬಿಟ್ಟರೆ ತಾನೂ ಇಲ್ಲಿಯವನೇ ಅನ್ನಿಸೀತು ಎಂದು ಅವರ ಜೀವ ಹಂಬಲಿಸುತ್ತಿತ್ತು.

ಹಿತ್ತಿಲಲ್ಲಿ ದನ ಕಟ್ಟುತ್ತಿದ್ದ ಹಟ್ಟಿ ಖಾಲಿ ಬಿದ್ದಿತ್ತು. ಮಂಡಿನೋವು ಶುರುವಾದ ಮೇಲೆ ಹೆಂಡತಿ ಜಲಜ ದನಗಳನ್ನು ಮಾರಿದ್ದಳು. ಪ್ರೇಮಾನಂದರು ಅದಕ್ಕೆ ಸಿಮೆಂಟಿನ ನೆಲ ಮಾಡಿಸಿ, ಶೀಟು ಹೊದಿಸಿ, ಹಲಗೆ ಹೊಡೆಸಿ, ಬಾಗಿಲಿಗೆ ನೀಲಿ ಬಣ್ಣ ಬಳಿಸಿದರು. ಆಮೇಲೆ ಊಟಕ್ಕೆ ಕೂತು ರಾಜಾಜ್ಞೆ ಹೊರಡಿಸಿದರು.

"ಇನ್ ಅದ್ ಹಟ್ಟಿ ಅಲ್ಲ, ಸ್ಟೋರ್ ರೂಮ್. ಒಂದ್ ವರ್ಷದಿಂದ ಕೈ ಮುಟ್ಟದ್ ಸಾಮಾನ್ ಎಲ್ಲ ಅಲ್ಲಿಗ್ ಹೋಯ್ಕ್."

"ಒಲಿ ಸೌದಿ ಹಾಕುವ ಅಂದ್ಕಂಡಿದ್ದೆ ನಾನ್," ಎಂದಳು ಜಲಜ. "ಮಳಿ ಬಪ್ಪುಕಾಯ್ತ್."

"ಸೌದಿ ಹಾಕುಕೆ ಯಾರಾರೂ ಪೇಂಟ್ ಹೊಡಿತ್ರಾ ಮಾರಾಯ್ತಿ?"

ಜಲಜ ಗಂಡನ ತಟ್ಟೆಗೆ ಇನ್ನೊಂದು ಸೌಟು ಸಾರು ಹಾಕಿದಳು. ಅದನ್ನು ಒಪ್ಪಿಗೆಯೆಂದು ತಿಳಿದದ್ದು ಪ್ರೇಮಾನಂದರ ಮೊದಲ ತಪ್ಪು.

ಮರುದಿನ ಸಾಮಾನು ಹೊರಲು ಕೆರಾಡಿಯ ಮುತ್ತ ಬಂದ. ತೆಂಗಿನಕಾಯಿ ಕೀಳುವುದರಿಂದ ಹಿಡಿದು ಬಾವಿಗೆ ಇಳಿಯುವವರೆಗೆ ಈ ಮನೆಯ ಎಲ್ಲ ಕೆಲಸಕ್ಕೂ ಇಪ್ಪತ್ತು ವರ್ಷದಿಂದ ಬರುವವನು. ಮೊದಲ ಅಪರಾಧಿಯಾಗಿ ಅಟ್ಟದಿಂದ ಇಳಿದದ್ದು ಹಪ್ಪಳ ಒತ್ತುವ ಮಣೆ.

"ಅದ್ ಬೇಕ್," ಎಂದಳು ಜಲಜ. "ಹಲ್ಸಿನಕಾಯಿ ಬೆಳುದೇ ವರ್ಷಕ್ಕೊಂದ್ ಸಲ. ಮರಕ್ಕ್ ಹೇಳಿ, ತಿಂಗ್ಳಿಗೊಂದ್ ಸಲ ಬಿಡುಕೆ."

ಎರಡನೆಯದು ಗೊರಬು. ಹಿಂದೆ ನಾಟಿಯ ಹೊತ್ತಿಗೆ ಮಳೆ ತಡೆಯಲು ಹೆಂಗಸರು ತಲೆಗೆ ಹಾಕಿಕೊಳ್ಳುತ್ತಿದ್ದ ಎಲೆಯ ಗೊರಬು. ಈಗ ನಾಟಿಯೇ ಮಷಿನ್ನಿನದು. ಇದರಲ್ಲಾದರೂ ತಾವು ಗೆದ್ದೆವೆಂದು ಪ್ರೇಮಾನಂದರು ಮೀಸೆ ತಿರುವಿದರು.

"ಅದ್ನ್ ಶಾಲಿ ಮಕ್ಳ್ ವೇಷದ ಸ್ಪರ್ಧೆಗ್ ಕೊಂಡ್ಹೋತ್ರ್. ಹ್ವಾದ್ ವರ್ಷ ಫಸ್ಟ್ ಬಂದದ್ದ್ ಅದೇ."

"ಬಂದದ್ದ್ ಮಗುವಾ, ಗೊರಬಾ?"

"ಮಗುಗ್ ಎರಡ್ ಮಾತೂ ಬರ್ತಿರ್ಲಿಲ್ಲ. ಗೊರಬೇ ಅಂದ್ಹೇಳಿ ಕಾಣಿ."

ಕಡುಬು ಬೇಯಿಸುವ ದೊಡ್ಡ ಅಟ್ಟಿನಳಗೆ, ಒಂದು ಕಾಲು ಗಿಡ್ಡವಾದ ಸ್ಟೂಲು, ಹಾರ್ಲಿಕ್ಸಿನ ಹದಿನೇಳು ಖಾಲಿ ಬಾಟಲಿ, ಎಲ್ಲಕ್ಕೂ ಜಲಜಳ ಬಳಿ ಒಂದೊಂದು ಸಮರ್ಥನೆ ಇತ್ತು. (ಸ್ಟೂಲು ಇಡುವ ಜಾಗದಲ್ಲಿ ನೆಲವೂ ಅಷ್ಟೇ ಎತ್ತರಕ್ಕೆ ಉಬ್ಬಿದೆಯಂತೆ.) ಪ್ರೇಮಾನಂದರು ಹಟ್ಟಿಗೆ ಕಳಿಸುವುದು, ಜಲಜ ತಿರುಗಿ ತರಿಸುವುದು. ಅಟ್ಟಿನಳಗೆ ಮೂರು ಸಲ ಹಟ್ಟಿ ನೋಡಿ ಬಂತು.

"ಪ್ರೇಮಾನಂದಣ್ಣ," ಎಂದ ಮುತ್ತ ಬೆವರು ಒರೆಸಿಕೊಂಡು, "ಎಂತ ಹೊರುಕೂ ನಾನ್ ತಯಾರ್. ಆರೆ ನಿಮ್ಮಲ್ಲ್ ಒಬ್ರೇ ಹೇಳಿ."

ಮಧ್ಯಾಹ್ನದ ಹೊತ್ತಿಗೆ ನೀಲಿ ಬಾಗಿಲಿನ ಒಳಗೆ ಇದ್ದದ್ದು ಬಣ್ಣದ ವಾಸನೆ ಮಾತ್ರ. ಪ್ರೇಮಾನಂದರು ಮೆಟ್ಟಿಲ ಮೇಲೆ ಕೂತುಬಿಟ್ಟರು. ಸಿಟ್ಟು ಬರುತ್ತದೆಂದು ಕಾದರು, ಬಂದದ್ದು ಅಳು. ಅದನ್ನು ನುಂಗಿಕೊಂಡು ಹೆಂಡತಿಯನ್ನು ಕರೆದರು.

"ಜಲಜ, ಈ ಮನಿಯಂಗೆ ನನ್ ಒಂದ್ ಮಾತೂ ನಡಿತಿಲ್ಲೆ. ನಿಂಗ್ ಬ್ಯಾಡದ್ದ್ ಒಂದಾರೂ ಇರ್ತ್ ಅಲ್ದಾ? ಒಂದೇ ಒಂದ್ ಸಾಮಾನ್ ಕೊಡ್. ನೀನೇ ಆರ್ಸ್."

ಜಲಜ ಕೈಯಲ್ಲಿದ್ದ ಹಾರ್ಲಿಕ್ಸ್ ಬಾಟಲಿಯನ್ನು ಕೆಳಗಿಟ್ಟಳು. ಆಮೇಲೆ ಒಳಗೆ ಹೋದಳು. ಕಪಾಟಿನ ಬಾಗಿಲು ತೆರೆದ ಸದ್ದು ಕೇಳಿತು. ಬರುವಾಗ ಅವಳ ಕೈಯಲ್ಲಿ ಗುಲಾಬಿ ಹೂವಿನ ಪಿಂಗಾಣಿ ಕಪ್ಪು-ಸಾಸರು, ಅಂಚು ಕಟ್ಟಿದ ದೊಡ್ಡ ಸ್ಟೀಲು ತಟ್ಟೆ ಮತ್ತು ಮೈ ಒರೆಸುವ, ಮಡಿಚಿದ ಹೊಸ ಬೈರಾಸ ಇದ್ದವು.

ಪ್ರೇಮಾನಂದರು ಮೆಟ್ಟಿಲಿನಿಂದ ಎದ್ದು ನಿಂತರು. ಬಂದಾಗಿನಿಂದ ದಿನವೂ ಕೂತಲ್ಲಿಗೆ ಕಾಫಿ ಬರುತ್ತಿದ್ದದ್ದು ಅದೇ ಕಪ್ಪಿನಲ್ಲಿ, ಊಟ ಅದೇ ತಟ್ಟೆಯಲ್ಲಿ.

"ಇದ್ ನನ್ನದಲ್ದಾ?"

"ಹೌದ್. ನೀವ್ ರಜಿಗ್ ಬಪ್ಪತಿಗೆ ತೆಗುದ್. ನೀವ್ ಬಸ್ ಹತ್ತಿದ್ ಮೇಲೆ ತೊಳ್ದ್, ಒರ್ಸಿ, ಒಳ್ಗ್ ಇಡುದ್. ಇಷ್ಟ್ ವರ್ಷ ಅದೇ ಆಯ್ತ್." ಅವಳು ಕಪ್ಪಿನ ಅಂಚನ್ನು ಸೆರಗಿನಿಂದ ಒರೆಸಿದಳು, ಅದು ಶುಭ್ರವಾಗಿಯೇ ಇತ್ತು. "ಈಗ್ಳೂ ಬೆಳಿಗ್ಗೆ ಇದ್ನ್ ತೊಳುವತಿಗೆ ನಂಗ್ ಇವತ್ತೇ ಹೊರ್ಟ್ರೇನೋ ಅಂದ್ಹೇಳಿ ಆತ್ತ್. ಇನ್ ಇದ್ ನನ್ನ್ ಕಣ್ಣಿಗ್ ಕಾಂಬುದ್ ಬ್ಯಾಡ. ಕೊಂಡ್ಹೋಯ್ ಇಡಿ."

ಮೂವತ್ತೆರಡು ವರ್ಷ ಬಸ್ಸಿನ ಕಿಟಕಿಯಲ್ಲಿ ಕೂತು, ಬಿಟ್ಟು ಹೋಗುವ ಸಂಕಟ ತನ್ನೊಬ್ಬನದೇ ಎಂದು ಪ್ರೇಮಾನಂದರು ತಿಳಿದಿದ್ದರು. ಇತ್ತ ಒಬ್ಬಳು ಕಪ್ಪು ತೊಳೆಯುತ್ತ ನಿಂತದ್ದು ಅವರಿಗೆ ಇವತ್ತಿನವರೆಗೆ ಗೊತ್ತೇ ಇರಲಿಲ್ಲ. ಅವಳ ಕೈಯನ್ನು ಹಿಡಿಯಬೇಕೆನ್ನಿಸಿತು. ಮುತ್ತ ನಿಂತಿದ್ದನಾದ್ದರಿಂದ ತಟ್ಟೆಯನ್ನು ಹಿಡಿದುಕೊಂಡರು.

ಎಲ್ಲವನ್ನೂ ಒಯ್ದು ಮೇಲಿನ ಹಲಗೆಯಲ್ಲಿಟ್ಟರು.

"ಇಷ್ಟೇಯಾ?" ಎಂದು ಮುತ್ತ ಕೇಳಿದ.

"ಇಷ್ಟೇ. ಉಳ್ದ್ ಜಾಗದಂಗೆ ಸೌದಿ ಹಾಕ್."

ಸಂಜೆ ನಾಲ್ಕಕ್ಕೆ ಪ್ರೇಮಾನಂದರು ಚಾವಡಿಯ ಕುರ್ಚಿಯಲ್ಲಿ ತೃಪ್ತರಾಗಿ ಕೂತರು. ನಾಲ್ಕೂಕಾಲಾಯಿತು. ಕಾಫಿ ಬರಲಿಲ್ಲ. ನಾಲ್ಕೂವರೆಗೆ ಒಮ್ಮೆ ಕೆಮ್ಮಿದರು. ಐದಕ್ಕೆ, ಮೂರು ತಿಂಗಳಲ್ಲಿ ಮೊದಲ ಬಾರಿಗೆ, ಕಾಫಿಯನ್ನು ಹುಡುಕಿಕೊಂಡು ತಾವೇ ಅಡುಗೆಮನೆಗೆ ನಡೆದರು.

"ಕಾಫಿ ಬರ್ಲಿಲ್ಲ ಅಲ್ದಾ?"

"ಕೂತಲ್ಲಿಗ್ ಕಾಫಿ ನೆಂಟ್ರಿಗ್," ಎಂದಳು ಜಲಜ. ಕಾಲಿನಿಂದ ಹೆರೆಮಣೆಯನ್ನು ಗಂಡನ ಕಡೆಗೆ ಸರಿಸಿ, ಒಡೆದ ತೆಂಗಿನಕಾಯಿಯ ಒಂದು ಹೋಳನ್ನು ಕೈಗಿತ್ತಳು.

ಮಾಜಿ ಉಗ್ರಾಣಾಧಿಪತಿಗಳು ಪಂಚೆ ಮೇಲೆ ಕಟ್ಟಿ ಹೆರೆಮಣೆಯ ಮೇಲೆ ಆಸೀನರಾದರು. ಸಾವಿರಾರು ತೆಂಗಿನಕಾಯಿಗಳನ್ನು ಎಣಿಸಿ ಅಡುಗೆಯವರಿಗೆ ಕೊಟ್ಟವರು, ಒಂದನ್ನೂ ತುರಿದವರಲ್ಲ. ಮೊದಲ ಹೋಳು ಮುಗಿಯುವಷ್ಟರಲ್ಲಿ ತುರಿಗೆ ಚಿಪ್ಪಿನ ಕಪ್ಪು ಪುಡಿಯೂ ಸೇರಿ, ಹೆಬ್ಬೆರಳಿನ ಉಗುರೂ ಸ್ವಲ್ಪ ಸೇರಿತ್ತು. ಜಲಜ ಬಟ್ಟಲಿಗೆ ಇಣುಕಿ ನೋಡಿದಳು. ತಾನು ಕುಡಿಯುವಂಥದೇ ನೆಗ್ಗಿದ ಸ್ಟೀಲು ಲೋಟದಲ್ಲಿ ಕಾಫಿ ಹೊಯ್ದು ನೆಲದ ಮೇಲಿಟ್ಟಳು.

ಲೋಟ ಕೈ ಸುಟ್ಟಿತು. ಪ್ರೇಮಾನಂದರು ಪಂಚೆಯ ಚುಂಗಿನಲ್ಲಿ ಹಿಡಿದು, ಊದಿ, ಒಂದು ಗುಟುಕು ಕುಡಿದರು. ಸಕ್ಕರೆ ಕಡಿಮೆಯಿತ್ತು. ಹೇಳೋಣವೆಂದು ಬಾಯಿ ತೆರೆಯುವಷ್ಟರಲ್ಲಿ ಜಲಜ, ಒಲೆಯ ಕಡೆಯಿಂದ ತಿರುಗಿಯೂ ನೋಡದೆ, ಮನೆಯವರಿಗಷ್ಟೇ ಹೇಳುವ ದನಿಯಲ್ಲಿ ಹೇಳಿದಳು:

"ಕುಡ್ದ್ ಲೋಟ ತೊಳ್ದಿಡಿ. ಇನ್ನೊಂದ್ ಹೋಳ್ ಬಾಕಿ ಇತ್ತ್."