ಕಡೀ ಗಂಟು ಗಿರಾಕಿದು

ಬರ್ರಿ, ಬರ್ರಿ. ಆ ಚಾಪಿ ಎಳಕೊಂಡು ಫ್ಯಾನಿನ ಕೆಳಗ ಕುಂದರ್ರಿ. ರಾಯಚೂರು ಬಿಸಿಲಿನಾಗ ನಿಂತು ಕೇಳೋ ಕಥಿ ಅಲ್ಲ ಇದು. ಒಂದು ಗ್ಲಾಸ್ ನೀರು ಕುಡೀರಿ, ಕಾಲು ಚಾಚ್ರಿ, ಆಮ್ಯಾಲೆ ನನ್ನ ಮಾತು ಕೇಳ್ರಿ. ನಾ ಸಾಲಿ ಮೆಟ್ಟಲ ಹತ್ತಿದಾಕಿ ಅಲ್ಲ. ಬಾಗಲವಾಡದಾಗ ಕುರಿ ಕಾಯೋರ ಮನ್ಯಾಗ ಹುಟ್ಟಿದಾಕಿ. ಆದ್ರ ಆಟದ ಸಾಮಾನಿನ ಅಂಗಡ್ಯಾಗ ಕುಂತು ನಾ ನಕ್ಕಷ್ಟು ದೊಡ್ಡ ದೊಡ್ಡ ಪರೀಕ್ಷಾ ಪಾಸಾದವರೂ ನಕ್ಕಿರಾಕಿಲ್ಲ. ದಿನಾ ಒಂದಿಲ್ಲೊಂದು ನಡೀತದ. ನಾವೇನು ನಡಸೋದಿಲ್ಲ, ಅದು ತಾನಾ ನಡೀತದ.

ಅಂಗಡಿ ನನ್ನ ಮಗಳದು. ಸಾಲ್ಯಾಗ ಖೋಖೋ ಆಡ್ತಿದ್ಲು, ಬರಿಗಾಲಿಲೆ. ಬೂಟು ಕೊಡಸೋದು ನಮ್ಮ ಕೈಲಿ ಆಗಿರಲಿಲ್ಲ. ಅದನ್ನ ಆಕಿ ಮನಸಿನಾಗ ಇಟಗೊಂಡಿದ್ಲು. ದೊಡ್ಡಾಕಿ ಆದ ಮ್ಯಾಲೆ ಮಾನ್ವಿಯಾಗ ಒಂದು ಖೋಲಿ ಹಿಡದು, ಬಡವರ ಮಕ್ಕಳ ಕೈಗೆಟಕೋ ಆಟದ ಸಾಮಾನು ಮಾರಾಕ ಸುರು ಮಾಡಿದ್ಲು. ಜೋಡಿಗೆ ಊರಿನ ಹೆಣ್ಮಕ್ಕಳಿಗೆ ಒಂದು ಮಾತೂ ಕೊಟ್ಲು: "ನೆಟ್ ನೀವು ಹೆಣೀರಿ, ಮಾರೋದು ನಂದು. ಇನ್ನ ಮ್ಯಾಲೆ ಒಬ್ಬಾಕಿನೂ ಗುಳೆ ಹೋಗಿ ಬೆಂಗಳೂರಾಗ ಕಲ್ಲು ಹೊರಬಾರದು." ಅಂಗಡಿ ಬೆಳಸಾಕ ನಾವು ಬೆವರು ಸುರಿಸಿದ್ದೆಲ್ಲಾ ಆ ಒಂದು ಮಾತಿಗೆ.

ಮೊದಲನೇ ನೆಟ್

ಮೊದಲ ಗಿರಾಕಿ ಕವಿತಾಳದ ಒಂದು ಸಾಲಿಯ ಪೀಟಿ ಮಾಸ್ತರ. "ವಾಲಿಬಾಲ್ ನೆಟ್ ಬೇಕು, ಆದ್ರ ಪ್ಯಾಟಿ ರೇಟು ನಮ್ಮ ಸಾಲಿಗೆ ನಿಲುಕಂಗಿಲ್ಲ" ಅಂದ.

ಮಗಳು ನನ್ನ ಮುಖ ನೋಡಿದ್ಲು. "ಯವ್ವಾ, ನೀ ಬಲೆ ಹೆಣೀತಿದ್ದಿ ಅಲ್ಲ?"

"ಕುರಿಗೆ ಹೆಣೀತಿದ್ನೆವ್ವಾ, ಮಾಸ್ತರಿಗೆ ಅಲ್ಲ" ಅಂದೆ.

ನಮ್ಮ ಮಂದಿ ಕುರಿ ಹಿಂಡು ಹೊಲದಾಗ ತಂಗಿಸೋ ಮುಂದ ಸುತ್ತ ಬಲೆ ಕಟ್ತಾರ. ನನಗ ಬರೋದು ಅದೊಂದಾ. ಅದನ್ನಾ ಸ್ವಲ್ಪ ಉದ್ದ ಹೆಣದೆ. ನಮ್ಮ ಮನಿತನದಾಗ ಒಂದು ಪದ್ಧತಿ ಅದ: ಹೊಸ ಬಲೆ ಪೂರ್ತಿ ಮುಗಿಸಿ ಕೊಡಬಾರದು. ಮೂಲ್ಯಾಗ ಒಂದು ಗಂಟು ಬಿಡಬೇಕು. ತಗೊಂಡವರು ಅದನ್ನ ತಮ್ಮ ಕೈಲೆ ಹಾಕಬೇಕು, ಅಂದ್ರ ಬಲೆ ಅವರ ಮಾತು ಕೇಳ್ತದ ಅಂತ ನಮ್ಮತ್ತಿ ಹೇಳ್ತಿದ್ಲು. ಮಾಸ್ತರ ನಕ್ಕೋತ ಕಡೀ ಗಂಟು ಹಾಕಿ ಒಯ್ದ.

ಮರುದಿನ ಸಂಜೀಕ ಮ್ಯಾಚು. ನಾವೂ ನೋಡಾಕ ಹೋಗಿದ್ವಿ. ಆಟ ರಂಗೇರಿತ್ತು. ಅದಾ ಹೊತ್ತಿಗೆ ಒಬ್ಬ ಮುದುಕಪ್ಪನ ಕುರಿ ಹಿಂಡು ಮೈದಾನದ ಬಾಜೂಕ ಹೊಂಟಿತ್ತು. ಮುಂದಿನ ಕುರಿ ಬಲೆ ನೋಡಿ ನಿಂತ್ತು. ಇದಾ ನಮ್ಮ ಮನಿ ಅಂತ ತಿಳಕೊಂಡು ನಡುವ ಬಂದು ಕಾಲು ಮಡಚಿ ಮಲಗಿಬಿಡ್ತು. ಅದರ ಹಿಂದ ಇನ್ನೊಂದು, ಅದರ ಹಿಂದ ಮತ್ತೊಂದು. ಮಾಸ್ತರ ಸಿಟ್ಟಿಗೆದ್ದು ಸೀಟಿ ಊದಿದ. ಕುರಿ ಕಾಯೋರು ಹಿಂಡು ಕರಿಯೋದೂ ಸೀಟಿ ಹೊಡದಾ! ಅವ ಊದಿದಷ್ಟೂ ದೂರ ಇದ್ದ ಕುರಿ ಎಲ್ಲಾ ಓಡಿ ಬಂದ್ವು.

"ಮಾಸ್ತರ್ರಾ, ಊದಬ್ಯಾಡ್ರೀ! ಊರಿನ ಕುರಿ ಎಲ್ಲಾ ಬರ್ತಾವ!" ಅಂತ ಮುದುಕಪ್ಪ ಹೊಯ್ಕೊಂಡ.

ಮಾಸ್ತರ ಸೀಟಿ ಕಿಸೇದಾಗ ಇಟಗೊಂಡು ನನ್ನ ಹಂತ್ಯಾಕ ಬಂದ. "ಯವ್ವಾ, ನೆಟ್ ಭಾಳ ಗಟ್ಟಿ ಅದ. ಆದ್ರ ಹನ್ನೆರಡು ಮಂದಿ ಆಡೋ ಆಟಕ್ಕ ನೂರಾ ಹನ್ನೆರಡು ಮಂದಿ ಇಳದಾರ."

ಒಂದು ಜೋಡಿ, ಎರಡು ಮೊಣಕಾಲು

ಕಬಡ್ಡಿ ಆಡೋರು ಮೊಣಕಾಲಿಗೆ ತೊಡೋ ಪಟ್ಟಿ ಜೋಡೀಲೆ ಬರ್ತಾವ. ಒಂದಿನ ಪೋತ್ನಾಳದಿಂದ ಒಬ್ಬ ಮುದುಕ ಕುಂಟಕೋತ ಬಂದ.

"ಒಂದಾ ಕೊಡ್ರೆವ್ವಾ, ಬಲಗಾಲಿಗೆ."

"ಜೋಡಿ ತಗೋಬೇಕು ಯಪ್ಪಾ."

"ಎಡಗಾಲು ನೆಟ್ಟಗ ಅದ. ಬ್ಯಾನಿ ಇಲ್ಲದ ಕಾಲಿಗೆ ಯಾಕ ಅಂಗಿ ಹೊಲಸಲಿ?" ಅಂದು ಹೊಂಟಬಿಟ್ಟ.

ಮೂರನೇ ದಿನ ಇನ್ನೊಬ್ಬ ಮುದುಕ. ಅದಾ ಪೋತ್ನಾಳ, ಅದಾ ಗಿಣಿ ಮೂಗು. ಇವಗ ಎಡಗಾಲು ಬ್ಯಾನಿ, ಬಲಗಾಲು ಗಟ್ಟಿ. "ಒಂದಾ ಕೊಡ್ರಿ" ಅಂದ. ವಿಚಾರಿಸಿದ್ರ ಇಬ್ಬರೂ ಖಾಸ್ ಅಣ್ಣ ತಮ್ಮ. ಹೊಲದ ಬದುವಿನಾಗಿನ ಒಂದು ಬೇವಿನ ಗಿಡ ಯಾರದು ಅನ್ನೋದಕ್ಕ ಹನ್ನೆರಡು ವರ್ಷದಿಂದ ಮಾತಿಲ್ಲ, ಕಥಿ ಇಲ್ಲ.

ನಾ ಇಬ್ಬರಿಗೂ ಬ್ಯಾರೆ ಬ್ಯಾರೆ ಹೇಳಿ ಕಳಿಸಿದೆ: "ಶುಕ್ರವಾರ ಬರ್ರಿ, ಬಿಡಿ ಪಟ್ಟಿ ತರಸಿರ್ತೀನಿ."

ಬಂದ್ರು. ಒಬ್ಬರಿಗೊಬ್ಬರು ನೋಡಿ, ಬೆನ್ನು ತಿರುಗಿಸಿ ಕುಂತ್ರು. ನಾ ಒಂದು ಜೋಡಿ ಬಿಚ್ಚಿ ಇವಗೊಂದು ಅವಗೊಂದು ಕೊಟ್ಟೆ. ಇಬ್ಬರೂ ತೊಟಗೊಂಡ್ರು. ಆಮ್ಯಾಲೆ ಅಣ್ಣ ಗ್ವಾಡಿ ನೋಡಕೋತ ಕೇಳಿದ: "ಲೇ, ನಿಂದು ಬಿಗಿ ಅದೇನು?"

"ಇಲ್ಲ, ಸಡಲ ಅದ."

"ನಂದು ಬಿಗಿ ಅದ. ತಾ ಇಲ್ಲೆ."

ಅದಲು ಬದಲು ಮಾಡಕೊಂಡ್ರು. ಹೋಗೋ ಮುಂದ ಒಬ್ಬನ ಹೆಗಲ ಮ್ಯಾಲೆ ಒಬ್ಬ ಕೈ ಹಾಕಿದ್ದ. ಎರಡು ಗಟ್ಟಿ ಕಾಲು ಒಳಗ, ಎರಡು ಬ್ಯಾನಿ ಕಾಲು ಹೊರಗ. ನನ್ನ ಕಣ್ಣಾಗ ನೀರು ಬಂದ್ವು. ಅಷ್ಟರಾಗ ಬಸ್ ಬಂತು. ಏನು ದೊಡ್ಡ ಗದ್ದಲ ಅಂತ ಹೊರಗ ಬಂದು ನೋಡಿದ್ರ, ಇಬ್ಬರೂ ಕಿಟಕಿ ಸೀಟಿಗೆ ಜಗಳಾಡಾಕತ್ತಿದ್ರು!

ಟೆಂಟಿನೊಳಗಿನ ಸ್ವಾಮಿ

ಮಾನ್ವಿ ಅಂಗಡಿ ನಡೀತು. ರಾಯಚೂರಾಗ ದೊಡ್ಡದು ತಗದ್ವಿ, ಎಸಿ ಹಾಕಿಸಿ. ಮಗಳು ಬಾಗಲಾಗ ಬೋರ್ಡು ಬರಸಿದ್ಲು: "ಬಳಸಿ ನೋಡ್ರಿ, ಆಮ್ಯಾಲೆ ತಗೊಳ್ರಿ." ಸಂತ್ಯಾಗ ಹಲ್ಲು ನೋಡದ ಕುರಿ ತಗೋತೀವೇನು? ಹಂಗಾ ಇದೂ. ಮಂದಿ ಬ್ಯಾಟು ಬೀಸಿ, ಚೆಂಡು ಪುಟಿಸಿ ನೋಡಿ ಒಯ್ಯಾಕತ್ರು. ನಡುವ ಒಂದು ಟೆಂಟು ಬಿಡಿಸಿ ನಿಲ್ಲಿಸಿದ್ವಿ.

ಒಂದು ಮಧ್ಯಾಹ್ನ ಕೆಲಸದಾಕಿ ಓಡಿ ಬಂದ್ಲು. "ಯವ್ವಾ, ಟೆಂಟಿನಾಗಿಂದ ಗೊರಕಿ ಕೇಳಾಕತ್ತದ!"

ಹೋಗಿ ನೋಡಿದ್ರ ಹೊರಗ ಚಪ್ಪಲಿ ಸಾಲಾಗಿ ಬಿಟ್ಟಾರ. ಅವನ್ನ ನೋಡಿ ಬ್ಯಾರೆ ಗಿರಾಕಿಗಳೂ ತಮ್ಮ ಚಪ್ಪಲಿ ಬಿಟ್ಟು ಕೈಮುಗದು ನಿಂತಾರ. ಒಬ್ಬ ಮೆಲ್ಲಕ ಕೇಳಿದ: "ಒಳಗ ಯಾವ ಸ್ವಾಮಿಗಳು ಇಳಕೊಂಡಾರ್ರೀ?"

ಪರದಿ ಸರಿಸಿದೆ. ದೇವದುರ್ಗದಿಂದ ಮದುವಿಗೆ ಸೀರಿ, ಅರಬಿ ತಗೋಳಾಕ ಬಂದ ಒಂದು ಕುಟುಂಬ. ಬುತ್ತಿ ಬಿಚ್ಚಿ ರೊಟ್ಟಿ, ಪುಂಡಿಪಲ್ಯ ಉಂಡು, ತಂಪಿಗೆ ಎಲ್ಲಾರೂ ಮಲಗ್ಯಾರ. ಟೆಂಟಿನ ಕೋಲಿಗೆ ಜೋಳಿಗಿ ಕಟ್ಟಿ ಕೂಸನ್ನ ಹಾಕ್ಯಾರ. ಕಟ್ಟಿದ್ದು ನಮ್ಮ ಅಂಗಡಿಯ ಜಿಗಿಯೋ ಹಗ್ಗಾನಾ!

ಮನಿ ಹಿರೇಮುತ್ತೈದಿ ಎದ್ದು ಕುಂತು ಸೆರಗು ಸರಿ ಮಾಡಕೊಂಡ್ಲು. "ಏನ್ರೆವ್ವಾ ಇದು?" ಅಂತ ಕೇಳಿದೆ.

"ಬೋರ್ಡಿನಾಗ ಬರದೀರಲ್ಲ, ಬಳಸಿ ನೋಡ್ರಿ ಅಂತ. ಬಳಸಿ ನೋಡಿದ್ವಿ."

"ಹೆಂಗದ?"

"ಮನಿ ಚೊಲೊ ಅದ. ಅಡಗಿ ಮನಿ ಒಂದು ಇಲ್ಲ, ಅದಕ್ಕ ಬ್ಯಾಡ. ಆ ಹಗ್ಗ ಕೊಡ್ರಿ, ಕೂಸಿಗೆ ನಿದ್ದಿ ಹತ್ಯದ."

ಸಾಹೇಬನ ಟೈ

ಈಗ ಹೇಳೋದು ನಗೋ ಮಾತು ಹೌದು, ಆದ್ರ ಅವತ್ತು ನನ್ನ ಜೀವ ಬಾಯಿಗೆ ಬಂದಿತ್ತು.

ಮಷೀನಿನ ನೆಟ್ ಅಗ್ಗಕ್ಕ ಬರಾಕತ್ತಿದ್ವು. ಬಾಗಲವಾಡದಾಗ ನಮ್ಮ ಶೆಡ್ಡಿನಾಗ ಹೆಣಿಯೋ ನಲವತ್ತು ಹೆಣ್ಮಕ್ಕಳಿಗೆ ಕೆಲಸ ಕಮ್ಮಿ ಆಗಿತ್ತು. "ಮಷೀನಿನ ಮಾಲು ತರಸು, ಶೆಡ್ಡು ಮುಚ್ಚು" ಅಂತ ಅಳಿಯನೂ ಅಂದ. ಗುಳೆ ಕರಕೊಂಡು ಹೋಗೋ ಲಾರಿಯವ ಆಗಲೇ ಹೆಸರು ಬರಕೊಳ್ಳಾಕ ಬಂದು ಹೋಗಿದ್ದ. ಅಷ್ಟರಾಗ ಪರದೇಶದ ಒಬ್ಬ ಸಾಹೇಬನಿಂದ ಸುದ್ದಿ ಬಂತು: "ನಿಮ್ಮ ಅಂಗಡಿ ಹೆಸರಿಲೆ ನಮ್ಮ ದೇಶದಾಗ ಅಂಗಡಿ ತಗೀತೀನಿ. ಕೈಲೆ ಹೆಣದ ನೆಟ್ ನೋಡಬೇಕು." ಅವ ಒಪ್ಪಿದ್ರ ಶೆಡ್ಡು ಉಳೀತದ, ಇಲ್ಲಾಂದ್ರ ಉಗಾದಿ ಆದ ಮ್ಯಾಲೆ ನಲವತ್ತು ಮಂದೀನೂ ಲಾರಿ ಹತ್ತೋದಾ.

ಮಗಳು ಎಲ್ಲಾರಿಗೂ ಕಟ್ಟುನಿಟ್ಟು ಹೇಳಿದ್ಲು: "ಈ ಸಲ ಪದ್ಧತಿ ಗಿದ್ಧತಿ ಬ್ಯಾಡ. ಒಂದು ಗಂಟೂ ಬಿಡಬ್ಯಾಡ್ರಿ." ನನಗ ಮಾತ್ರ ಹೇಳೋದು ಮರತಿದ್ಲು.

ಮುಂಜಾನೆ ಶೆಡ್ಡಿಗೆ ಹೋದೆ. ನಲವತ್ತು ನೆಟ್, ನಲವತ್ತೂ ಪೂರ್ತಿ! "ಅಯ್ಯ ಶಿವನೇ, ಇಂಥಾ ದೊಡ್ಡ ಕೆಲಸಕ್ಕ ಅಪಶಕುನ ಆಗ್ತದಲ್ಲ" ಅಂತ ಕುಂತು, ಒಂದೊಂದರ ಮೂಲ್ಯಾಗ ಒಂದೊಂದು ಗಂಟು ಬಿಚ್ಚಿದೆ. ಪುಣ್ಯದ ಕೆಲಸ ಮಾಡಿದ್ನಿ ಅಂತ ಚಹಾನೂ ಕುಡದೆ.

ಸಾಹೇಬ ಬಂದ. ಆ ಬಿಸಿಲಿನಾಗ ಕೋಟು, ಕೊರಳಾಗ ಉದ್ದ ಟೈ. ಅವನ ಮಾತು ತಿಳಿಸಾಕ ಹೈದರಾಬಾದಿನಿಂದ ಒಬ್ಬ ಹುಡುಗಿ. ಒಂದು ನೆಟ್ ಬಿಡಿಸಿ ನೋಡಿದ, ತೂತು. ಎರಡನೇದು, ಅದಾ ಜಾಗದಾಗ ತೂತು. ಹತ್ತು ನೋಡಿದ, ಹತ್ತರಾಗೂ ತೂತು. ಪುಸ್ತಕದಾಗ ಏನೋ ಬರದು ತಲಿ ಅಲ್ಲಾಡಿಸಿದ. ಮಗಳ ಮುಖ ಸುಣ್ಣ ಆತು. ನಲವತ್ತು ಹೆಣ್ಮಕ್ಕಳು ಉಸಿರು ಹಿಡಕೊಂಡು ನಿಂತ್ರು.

"ಯವ್ವಾ, ಏನ್ ಮಾಡೀಬೇ?" ಅಂದ್ಲು ಮಗಳು, ಸಣ್ಣ ದನೀಲೆ.

ನನಗ ತೆಲುಗು ಅಲ್ಪಸ್ವಲ್ಪ ಬರ್ತದ. ಆ ಹುಡುಗಿಗೆ ತೆಲುಗಿನಾಗಾ ಅಂದೆ: "ಅದು ತೂತು ಅಲ್ಲಂತ ಹೇಳವ್ವಾ. ಅದು ಅವನ ಪಾಲು. ಕಡೀ ಗಂಟು ಗಿರಾಕಿದು." ಆಮ್ಯಾಲೆ ಸಾಹೇಬನ ಕೈ ಹಿಡದು ಎಳದು ಕಂಬಳಿ ಮ್ಯಾಲೆ ಕುಂದ್ರಿಸಿದೆ. "ಕುಂದ್ರಪ್ಪಾ, ನಾ ಕಲಿಸ್ತೀನಿ."

ಹುಡುಗಿ ಹೇಳಿದ್ದು ಕೇಳಿ ಅವ ಗಂಟು ಹಾಕಾಕ ಕುಂತ. ಏನಂತ ಹೇಳಲಿ! ಬೆರಳು ಸಿಗಿಸಿಕೊಂಡ, ಬಿಡಿಸಿಕೊಂಡ. ಮತ್ತ ಬಗ್ಗಿದ, ಜಗ್ಗಿದ. ಕಡೀಕ ಬಿಗೀತು. "ಆತು!" ಅನ್ನೋಹಂಗ ಕೈ ಮ್ಯಾಲೆತ್ತಿ ಎದ್ದು ನಿಂತ. ನೆಟ್ಟೂ ಅವನ ಜೋಡಿ ಎದ್ದು ನಿಂತ್ತು. ತನ್ನ ಟೈನಾ ಗಂಟಿನಾಗ ಸೇರಿಸಿ ಬಿಗದುಬಿಟ್ಟಿದ್ದ! ನಮ್ಮ ಗಂಟು ಗೊತ್ತಲ್ಲ, ಕುರಿ ಜಗ್ಗಿದಷ್ಟೂ ಬಿಗೀತದ. ಅವನೂ ಜಗ್ಗಿದ.

ಯಾರೋ ಒಬ್ಬಾಕಿ ಕಿಸಕ್ಕಂದ್ಲು. ಆಮ್ಯಾಲೆ ಶೆಡ್ಡಿಗೆ ಶೆಡ್ಡಾ ನಕ್ತು. ಮಗಳು ಮಾತ್ರ ನಗಲಿಲ್ಲ, ಕತ್ರಿ ಹಿಡದು ಓಡಿ ಬಂದು ನೆಟ್ಟಿಗೆ ಇಟ್ಲು. ಸಾಹೇಬ ಗಾಬರಿಯಾಗಿ ಕೈ ಅಡ್ಡ ಹಿಡದು ಏನೋ ಒದರಿದ.

ಹುಡುಗಿ ಬಿದ್ದು ಬಿದ್ದು ನಕ್ಕೋತ ತಿಳಿಸಿದ್ಲು: "ನೆಟ್ ಕತ್ತರಿಸಬ್ಯಾಡ್ರಿ ಅಂತಾರ. ಟೈ ಕತ್ತರಿಸ್ರಿ ಅಂತಾರ!"

ಅವತ್ತಾ ಕಾಗದಕ್ಕ ಸಹಿ ಬಿತ್ತು, ಒಂದು ಷರತ್ತಿನ ಮ್ಯಾಲೆ: ತನ್ನ ದೇಶಕ್ಕ ಬರೋ ಒಂದೊಂದು ನೆಟ್ಟಿನಾಗೂ ಒಂದು ಗಂಟು ಬಿಟ್ಟಾ ಕಳಸಬೇಕು.

ಯಾರ್ಯಾರು ಏನೇನಾದ್ರು

ಪೀಟಿ ಮಾಸ್ತರ ರಿಟೈರ್ ಆಗ್ಯಾನ. ಈಗಲೂ ಸೀಟಿ ಊದೋಕಿಂತ ಮೊದಲು ನಾಕೂ ದಿಕ್ಕು ನೋಡ್ತಾನಂತ. ಪೋತ್ನಾಳದ ಅಣ್ಣ ತಮ್ಮ ದಿನಾ ಆ ಬೇವಿನ ಗಿಡದ ಕೆಳಗ ಕುಂದರ್ತಾರ. ಗಿಡ ಯಾರದು ಅಂತ ಇನ್ನೂ ಇತ್ಯರ್ಥ ಆಗಿಲ್ಲ, ಆದ್ರ ನೆರಳು ಇಬ್ಬರದೂ. ದೇವದುರ್ಗದ ಕೂಸು ಈಗ ಸಾಲಿಗೆ ಹೋಗ್ತಾಳ. ತನ್ನ ಜೋಳಿಗಿ ಹಗ್ಗದಾಗಾ ಜಿಗೀತಾಳ. ಗುಳೆ ಲಾರಿ ಉಗಾದಿ ಆದ ಮ್ಯಾಲೆ ಬಂತು, ಶೆಡ್ಡಿನ ಮುಂದ ಹಾರ್ನ್ ಹೊಡದು ಹೊಡದು ಸಾಕಾಗಿ ಹೋತು. ಹೋಗೋ ಮುಂದ ಡ್ರೈವರ್ ನಮ್ಮ ಮಾನ್ವಿ ಅಂಗಡ್ಯಾಗ ತನ್ನ ಮಗಳಿಗೆ ಒಂದು ಚೆಂಡು ತಗೊಂಡು ಹೋದ. ನಲವತ್ತು ಹೆಣ್ಮಕ್ಕಳು ಈಗ ನೂರಾ ಮೂವತ್ತು ಆಗ್ಯಾರ. ಸಾಹೇಬನ ದೇಶದಿಂದ ನಮ್ಮ ಅಂಗಡಿ ಇನ್ನೂ ಎಷ್ಟೋ ದೇಶಕ್ಕ ಹೋಗ್ಯದ. ಮೊಮ್ಮಗಳು ಭೂಮಿ ಗೋಲ ತಿರುಗಿಸಿ ತೋರಸ್ತಾಳ, ನನಗ ಎಲ್ಲಾ ಮಾನ್ವಿ ಹಂಗಾ ಕಾಣ್ತಾವ. ಮಗಳು ವಿಮಾನದಾಗ ತಿರಗತಾಳ, ಎಲ್ಲಿ ಖೋಖೋ ಕಂಡ್ರೂ ಚಪ್ಪಲಿ ಬಿಟ್ಟು ಓಡ್ತಾಳ. ಸಾಹೇಬ ಟೈ ಕಟ್ಟೋದು ಬಿಟ್ಟಾನ. ಅವನ ಅರ್ಧ ಟೈ ನಮ್ಮ ರಾಯಚೂರು ಅಂಗಡ್ಯಾಗ ಗಾಜಿನ ಪೆಟಿಗ್ಯಾಗ ಅದ.

ಮೊನ್ನೆ ಅವ ಒಂದು ಫೋಟೊ ಕಳಿಸಿದ್ದ. ಅವರ ಊರು, ಸುತ್ತ ಬೆಳ್ಳಗ ಮಂಜು ಬಿದ್ದದ. ನಡುವ ನಮ್ಮ ನೆಟ್ ಕಟ್ಯಾರ. ಆಡೋ ಮಂದಿ ಎಲ್ಲಾ ಸೊಂಟದ ಮ್ಯಾಲೆ ಕೈ ಇಟಗೊಂಡು ದೂರ ನಿಂತಾರ. ಯಾಕಂತ ಕನ್ನಡಕ ಏರಿಸಿ ನೋಡಿದ್ರ, ನೆಟ್ಟಿನ ಕೆಳಗ ಆ ಊರಿನ ಕುರಿ ಎಲ್ಲಾ ಕಾಲು ಮಡಚಿ ಆರಾಮ ಮಲಗ್ಯಾವ.

ಮಗಳಿಗೆ ಅಂದೆ: "ಸಾಹೇಬಗ ಜಲ್ದಿ ಫೋನ್ ಹಚ್ಚಬೇ. ಸೀಟಿ ಮಾತ್ರ ಊದಬ್ಯಾಡ ಅಂತ ಹೇಳು!"